ಐಇಟಿಎಫ್ ಸಭೆಗೆ ಹೋಗುವವರು ತಿಳಿದಿರಬೇಕಾದ್ದು

ಕಂಪ್ಯೂಟರುಗಳು ಒಂದರೊಡನೊಂದು ಹೇಗೆ ವ್ಯವಹರಿಸಬೇಕು ಎಂಬ ನಿಯಮಗಳನ್ನು ಬರೆಯುವ ತಂತ್ರಜ್ಞರ ಕೂಟವೇ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್, ಅಂದರೆ ಐಇಟಿಎಫ್. 1986ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 21 ಮಂದಿಯಿಂದ ಆರಂಭವಾದ ಇದರ ಸಭೆ ಈಗ ವರ್ಷಕ್ಕೆ ಮೂರು ಸಲ ನಡೆಯುತ್ತದೆ. 2025ರಲ್ಲಿ ಬ್ಯಾಂಕಾಕ್, ಮ್ಯಾಡ್ರಿಡ್ ಹಾಗೂ ಮಾಂಟ್ರಿಯಲ್ ನಗರಗಳಲ್ಲಿ ನಡೆಯಿತು.

ಇದಕ್ಕೆ ಸದಸ್ಯತ್ವ ಎಂಬುದಿಲ್ಲ. ಕಂಪನಿಯ ಅಥವಾ ದೇಶದ ಪ್ರತಿನಿಧಿಯಾಗಿ ಅಲ್ಲ, ಸ್ವಂತ ಹೆಸರಿನಲ್ಲೇ ಭಾಗವಹಿಸುವುದು. ಆದ್ದರಿಂದ ಗಡಿ ಊರಿನ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಬಾಗಿಲು ತೆರೆದೇ ಇದೆ. ಹಣ ಮತ್ತು ಕಾಗದಪತ್ರ ಸರಿಯಿದ್ದರೆ ಆಯಿತು. ಆದರೆ ಅಲ್ಲೇ ಹಲವರು ಎಡವುವುದು.

ಮೊದಲೇ ನೋಂದಾಯಿಸಿದರೆ ಶುಲ್ಕ ಕಡಿಮೆ, ತಡವಾದಷ್ಟೂ ಹೆಚ್ಚು. ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ನೋಂದಣಿಯಾದ ಮೇಲೆ ವೀಸಾ ಅರ್ಜಿಗಾಗಿ ಆಹ್ವಾನ ಪತ್ರ ಕೇಳಿ ಪಡೆಯಬಹುದು. ಆದರೆ ಪತ್ರ ಸಿಕ್ಕಿತೆಂದರೆ ವೀಸಾ ಸಿಕ್ಕಿತೆಂದು ಅರ್ಥವಲ್ಲ. ಇನ್ನೊಂದು ಮಾತು: ನಮ್ಮ ಕಡೆ ಒಬ್ಬನೇ ಹುಡುಗನ ಹೆಸರು ಶಾಲೆಯ ಸರ್ಟಿಫಿಕೇಟಿನಲ್ಲಿ ಇನಿಶಿಯಲ್‌ನೊಂದಿಗೆ, ಮತ್ತೊಂದು ದಾಖಲೆಯಲ್ಲಿ ಮನೆಹೆಸರಿನೊಂದಿಗೆ, ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ತಿ ಹೆಸರಿನೊಂದಿಗೆ ಇರುವುದು ಸಾಮಾನ್ಯ. ಎರಡು ಭಾಷೆಗಳ ನಡುವೆ ಕಾಗುಣಿತವೂ ಬದಲಾಗಿರುತ್ತದೆ. ನೋಂದಣಿಯಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಬರೆಯಿರಿ. ಅಕ್ಷರ ವ್ಯತ್ಯಾಸಕ್ಕೆ ಕಚೇರಿ ಕಚೇರಿ ಅಲೆಯುವುದು ಗಡಿಯವರಾದ ನಮಗೆ ಹೊಸದೇನಲ್ಲ.

ಶನಿವಾರ, ಭಾನುವಾರ ಹ್ಯಾಕಥಾನ್. ಹೊಸಬರಿಗೆ ಬೇರೆಯೇ ಪರಿಚಯ ಕಾರ್ಯಕ್ರಮವಿದ್ದು, ತಪ್ಪಿಸಿಕೊಳ್ಳಬಾರದು. ಸೋಮವಾರದಿಂದ ಶುಕ್ರವಾರದವರೆಗೆ ಚರ್ಚೆ. ವಿರಾಮದಲ್ಲಿ ಕಾಫಿ, ಬಿಸ್ಕತ್ತು ಕೊಡುತ್ತಾರೆ. ಮಧ್ಯಾಹ್ನದ ಊಟ ಸಾಮಾನ್ಯವಾಗಿ ನಮ್ಮದೇ ಖರ್ಚು. ಇದನ್ನು ಲೆಕ್ಕಕ್ಕೆ ಹಿಡಿದಿರಬೇಕು. ಅಲ್ಲಿ ಆಡಿದ ಮಾತು ರೆಕಾರ್ಡ್ ಆಗುತ್ತದೆ ಎಂಬುದೂ ನೆನಪಿರಲಿ. ವೈಫೈ ಮಟ್ಟಿಗೆ ಚಿಂತೆ ಬೇಡ. ಅಷ್ಟೊಂದು ಲ್ಯಾಪ್‌ಟಾಪುಗಳ ಭಾರ ಹೋಟೆಲಿನ ಸಂಪರ್ಕಕ್ಕೆ ತಡೆಯದೆಂದು ಸಂಘಟಕರೇ ಉಪಕರಣ ತಂದು ಆ ಒಂದು ವಾರಕ್ಕೆ ಪ್ರತ್ಯೇಕ ನೆಟ್‌ವರ್ಕ್ ಕಟ್ಟುತ್ತಾರೆ. ಸ್ವಯಂಸೇವಕರೂ ಇದಕ್ಕೆ ಕೈಜೋಡಿಸುತ್ತಾರೆ.

ಹೋಗಲಾಗದವರ ಗತಿ? 2020ರ ಮಾರ್ಚಿನ ವ್ಯಾಂಕೂವರ್ ಸಭೆ ಕೋವಿಡ್‌ನಿಂದಾಗಿ ಪೂರ್ತಿ ಆನ್‌ಲೈನ್ ಆಯಿತು. 2022ರ ಮಾರ್ಚಿನಲ್ಲಿ ವಿಯೆನ್ನಾದಲ್ಲಿ ಜನ ಮತ್ತೆ ಸೇರಿದರೂ ಮನೆಯಿಂದ ಭಾಗವಹಿಸುವ ವ್ಯವಸ್ಥೆ ಉಳಿಯಿತು. ಶುಲ್ಕ ಕಟ್ಟಲಾಗದವರು ನೋಂದಣಿ ವೇಳೆ ವಿನಾಯಿತಿ ಕೋರಬಹುದು. ಮೀಟ್‌ಎಕೋ ಎಂಬ ತಂತ್ರಾಂಶದಲ್ಲಿ ಸಭಾಂಗಣದಲ್ಲಿ ಕೂತವರೂ ಮನೆಯಲ್ಲಿ ಕೂತವರೂ ಮಾತಿಗಾಗಿ ಒಂದೇ ಸರದಿಯಲ್ಲಿ ಹೆಸರು ಹಚ್ಚುತ್ತಾರೆ. ನನ್ನಂಥ ಬಿ.ಎ. ಓದಿದವನಿಗೆ ತಂತ್ರಜ್ಞಾನಕ್ಕಿಂತ ಹೆಚ್ಚಾಗಿ ಹಿಡಿಸಿದ್ದು ಈ ಸರದಿಯೇ.

ಸಮಯ ಮಾತ್ರ ನೋಡಿಕೊಳ್ಳಬೇಕು. ನವೆಂಬರಿನಲ್ಲಿ ಮಾಂಟ್ರಿಯಲ್‌ನ ಬೆಳಗಿನ ಒಂಬತ್ತೂವರೆ ನಮಗೆ ರಾತ್ರಿ ಎಂಟು ಗಂಟೆ. ಹಳ್ಳಿಯಲ್ಲಿ ಕರೆಂಟು ಹೋಗುವ ಹೊತ್ತು ಅದೇ ಆಗಿದ್ದರೆ ಮೊಬೈಲನ್ನು ಚಾರ್ಜ್ ಮಾಡಿಟ್ಟುಕೊಂಡಿರಿ.