ಮನೆಯವರು ಬರುವ ತನಕ: ಕೆಳದಿ ಸೀಮೆಯ ಶಾಲೆಗಳಲ್ಲಿ ತುರ್ತು ಚಿಕಿತ್ಸೆ ಮತ್ತು ಪೋಷಕರ ಸಮ್ಮತಿ

1860ರ ಭಾರತೀಯ ದಂಡ ಸಂಹಿತೆಯ 92ನೇ ಕಲಮಿನ ಕೆಳಗೆ ಕೊಟ್ಟಿರುವ ದೃಷ್ಟಾಂತಗಳಲ್ಲಿ ಒಂದು ಮಗುವಿನದು. ಮಗುವಿಗೆ ಅಪಘಾತವಾಗಿದೆ. ತಕ್ಷಣ ಶಸ್ತ್ರಕ್ರಿಯೆ ಆಗದಿದ್ದರೆ ಜೀವ ಹೋಗುವ ಸಂಭವವಿದೆ, ಪೋಷಕರನ್ನು ಕೇಳುವಷ್ಟು ಹೊತ್ತಿಲ್ಲ. ಮಗು ಬೇಡವೆಂದು ಅಂಗಲಾಚುತ್ತಿದ್ದರೂ ವೈದ್ಯ ಅದರ ಒಳಿತಿಗೆಂದೇ ಶಸ್ತ್ರಕ್ರಿಯೆ ಮಾಡುತ್ತಾನೆ. ಅವನದು ಅಪರಾಧವಲ್ಲ ಎನ್ನುತ್ತದೆ ಕಾನೂನು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಮಿನಲ್ಲಿ ಈ ತತ್ತ್ವ ಹಾಗೆಯೇ ಮುಂದುವರಿದಿದೆ. ನೂರೈವತ್ತು ವರ್ಷಕ್ಕೂ ಮಿಕ್ಕು ಪುಸ್ತಕದಲ್ಲಿರುವ ಈ ಅನುಮತಿ ನಮ್ಮ ಶಾಲೆಗಳ ಜಗಲಿಯನ್ನು ಇನ್ನೂ ಸರಿಯಾಗಿ ಮುಟ್ಟಿಲ್ಲ. ಮಗುವಿಗೆ ಏನಾದರೂ ಆದರೆ ‘ಮನೆಯವರು ಬರಲಿ’ ಎಂದು ಕಾಯುವುದೇ ಸುರಕ್ಷಿತ, ಸಹಿಯಿಲ್ಲದೆ ಮುಂದುವರಿದರೆ ತಲೆಗೆ ಬರುತ್ತದೆ ಎಂಬ ಭಾವನೆ ಶಿಕ್ಷಕರಲ್ಲೂ ಕೆಲವೊಮ್ಮೆ ವೈದ್ಯರಲ್ಲೂ ಬೇರೂರಿದೆ.

ಕಾನೂನು ಸಮ್ಮತಿಯನ್ನು ಅಳೆಯುವುದು ಸಹಿಯಿಂದಲ್ಲ, ಹೊತ್ತಿನಿಂದ ಎಂಬುದು ಈ ಲೇಖನದ ವಾದ. ಚಿಕಿತ್ಸೆ ಫಲ ಕೊಡುವ ಹೊತ್ತಿನೊಳಗೆ ಪೋಷಕರ ಒಪ್ಪಿಗೆ ಸಿಗುವುದು ಸಾಧ್ಯವೇ ಎಂಬುದೊಂದೇ ಪ್ರಶ್ನೆ. ಹಾಗಿದ್ದರೆ ಆ ಹೊತ್ತು ಎಲ್ಲ ಊರಿನಲ್ಲಿ ಒಂದೇ ಆಗಿರಲಾರದು. ಹಿಂದೆ ಕೆಳದಿ ಅರಸರ ನೆಲೆಯಾಗಿದ್ದ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲೂಕುಗಳಲ್ಲಿ ಅದನ್ನು ನಿರ್ಧರಿಸುವುದು ಗಡಿಯಾರಕ್ಕಿಂತ ಹೆಚ್ಚಾಗಿ ಹಿನ್ನೀರು, ಘಾಟಿ ರಸ್ತೆ ಮತ್ತು ಮೊಬೈಲ್ ಸಿಗ್ನಲ್.

ಮೊದಲು ಕಾನೂನಿನ ಮಾತು ಮುಗಿಸೋಣ. ನ್ಯಾಯ ಸಂಹಿತೆಯ 27ನೇ ಕಲಮಿನ (ಹಳೆಯ 89) ಪ್ರಕಾರ, ಹನ್ನೆರಡು ವರ್ಷದೊಳಗಿನ ಮಗುವಿನ ಒಳಿತಿಗಾಗಿ ಸದ್ಭಾವನೆಯಿಂದ ಮಾಡಿದ ಕೆಲಸಕ್ಕೆ ಅದರ ಪೋಷಕರ ಸಮ್ಮತಿಯಿದ್ದರೆ ಸಾಕು. ಸಮ್ಮತಿ ಬಾಯಿಮಾತಿನದೂ ಆಗಬಹುದು, ಸನ್ನಿವೇಶದಿಂದ ತಿಳಿಯುವಂಥದೂ ಆಗಬಹುದು. ಪೋಷಕರು ಮಾತ್ರವಲ್ಲ, ಮಗುವಿನ ಹೊಣೆಯನ್ನು ಕಾನೂನುಬದ್ಧವಾಗಿ ಹೊತ್ತಿರುವ ಬೇರೆ ವ್ಯಕ್ತಿಯೂ ಸಮ್ಮತಿ ಕೊಡಬಹುದು ಎಂದು ಆ ಕಲಂ ಹೇಳುವುದನ್ನು ನಮ್ಮಲ್ಲಿ ಗಮನಿಸಿದವರು ಕಡಿಮೆ. ಬೆಳಿಗ್ಗೆ ಪ್ರಾರ್ಥನೆಯಿಂದ ಸಂಜೆಯ ಗಂಟೆಯವರೆಗೆ ಮಗುವನ್ನು ನೋಡಿಕೊಳ್ಳುವ ಮುಖ್ಯೋಪಾಧ್ಯಾಯರು, ವಸತಿ ಶಾಲೆಯ ನಿಲಯಪಾಲಕರು, ಶಾಲೆ ದೂರವೆಂದು ಮಗುವನ್ನು ತಮ್ಮಲ್ಲಿಟ್ಟುಕೊಂಡ ಅಜ್ಜನ ಮನೆಯವರು, ಈ ಮೂವರೂ ತುರ್ತಿನ ಮಟ್ಟಿಗೆ ಈ ಮಾತಿನ ವ್ಯಾಪ್ತಿಗೆ ಬರುತ್ತಾರೆಂಬುದು ನನ್ನ ಓದು. ಶಾಲೆಗೆ ಕಾಳಜಿಯ ಕರ್ತವ್ಯವಿದೆ ಎಂಬುದನ್ನಂತೂ ಸುಪ್ರೀಂ ಕೋರ್ಟ್ 2001ರ ಗ್ರೇವಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಪ್ರವಾಸಕ್ಕೆ ಕರೆದೊಯ್ದ 14 ಮಕ್ಕಳು 1995ರಲ್ಲಿ ಬಿಯಾಸ್ ನದಿಯಲ್ಲಿ ಮುಳುಗಿದ ಪ್ರಕರಣ ಅದು. ಕರ್ತವ್ಯ ಹೊರಿಸುವಾಗ ಶಾಲೆಯನ್ನು ಪೋಷಕರ ಸ್ಥಾನದಲ್ಲಿ ನಿಲ್ಲಿಸಿ, ಜೀವ ಉಳಿಸುವ ನಿರ್ಧಾರದ ಹೊತ್ತಿಗೆ ಪರಕೀಯವೆನ್ನುವುದು ನ್ಯಾಯವಲ್ಲ.

ಪೋಷಕರೂ ಇಲ್ಲ, ಹೊಣೆ ಹೊತ್ತವರೂ ಸಿಗರು ಎಂದಾದರೆ ಆಗ 30ನೇ ಕಲಂ ನೆರವಿಗೆ ಬರುತ್ತದೆ. ವೈದ್ಯರ ಪಾಲಿಗೆ 1989ರ ಪರಮಾನಂದ ಕಟಾರ ತೀರ್ಪೂ ಇದೆ: ತುರ್ತಿನಲ್ಲಿ ಬಂದವರ ಜೀವ ಉಳಿಸುವುದು ಸರ್ಕಾರಿಯೋ ಖಾಸಗಿಯೋ ಎನ್ನದೆ ಪ್ರತಿ ವೈದ್ಯನ ಹೊಣೆ, ಪೊಲೀಸ್ ವಿಧಿವಿಧಾನ ಆಮೇಲೆ. ಆದರೆ ‘ಸದ್ಭಾವನೆ’ ಎಂದರೆ ಒಳ್ಳೆಯ ಮನಸ್ಸಷ್ಟೇ ಅಲ್ಲ. ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದನ್ನು ಕಾನೂನು ಸದ್ಭಾವನೆಯ ಕೆಲಸವೆಂದು ಒಪ್ಪುವುದಿಲ್ಲ. ಹಾವು ಕಚ್ಚಿದ ಮಗುವನ್ನು ಆಸ್ಪತ್ರೆಗೆ ಒಯ್ದ ಶಿಕ್ಷಕರಿಗೆ ರಕ್ಷಣೆಯಿದೆ. ಗಾಯವನ್ನು ಬ್ಲೇಡಿನಿಂದ ಕೊಯ್ದು, ಕಾಲು ಕಪ್ಪಗಾಗುವಷ್ಟು ಬಿಗಿಯಾಗಿ ಹಗ್ಗ ಕಟ್ಟಿದವರಿಗೆ ಅದೇ ರಕ್ಷಣೆ ಸಿಗುತ್ತದೆಂದು ಧೈರ್ಯವಾಗಿ ಹೇಳಲಾಗದು.

ಯಾರ ಸಮ್ಮತಿ ಎಂಬಲ್ಲೂ ಒಂದು ಗಂಟಿದೆ. ತಾಯಿ ಎದುರಿಗೇ ನಿಂತಿದ್ದರೂ ‘ಇವನ ಅಪ್ಪ ಬರಲಿ’ ಎನ್ನುವ ಅಭ್ಯಾಸ ಶಾಲೆ, ಆಸ್ಪತ್ರೆ ಎರಡರಲ್ಲೂ ಉಂಟು. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ ತಂದೆಯನ್ನು ಮೊದಲು, ತಾಯಿಯನ್ನು ಅವನ ಅನಂತರ ಹೆಸರಿಸಿದ್ದರಿಂದ ಈ ಅಭ್ಯಾಸಕ್ಕೆ ಬಲ ಬಂದಿರಬಹುದು. ಲೇಖಕಿ ಗೀತಾ ಹರಿಹರನ್ ಹೂಡಿದ ಪ್ರಕರಣದಲ್ಲಿ 1999ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿತು: ತಂದೆ ಬದುಕಿದ್ದರೂ ಆ ಹೊತ್ತಿಗೆ ಅವನು ಹೊಣೆ ಹೊರುವ ಸ್ಥಿತಿಯಲ್ಲಿಲ್ಲದಿದ್ದರೆ ತಾಯಿಯೇ ಪೋಷಕಿ. ಬೆಂಗಳೂರಿನಲ್ಲಿ ದುಡಿಯುವ ಅಪ್ಪನ ಫೋನಿಗಾಗಿ ಅಮ್ಮನನ್ನು ಬೆಂಚಿನ ಮೇಲೆ ಕೂರಿಸುವುದಕ್ಕೆ ಕಾನೂನಿನ ಆಧಾರವಿಲ್ಲ.

ಈಗ ನೆಲಕ್ಕೆ ಇಳಿಯೋಣ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಶರಾವತಿಯ ಹಿನ್ನೀರು ಸಾಗರ ತಾಲೂಕನ್ನು ಎರಡು ಹೋಳು ಮಾಡಿತು. ತುಮರಿ, ಕರೂರು ಭಾಗದ ಜನ ಸಾಗರಕ್ಕೆ ಬರಲು ಹೊಳೆಬಾಗಿಲಿನ ಲಾಂಚನ್ನೇ ನೆಚ್ಚಬೇಕಾಯಿತು. ಸಂಜೆಯ ಕೊನೆಯ ಲಾಂಚ್ ಹೋದರೆ ಉಳಿದದ್ದು ಸುತ್ತುದಾರಿ. ಬೇಸಿಗೆಯ ಕೊನೆಗೆ ನೀರು ಇಳಿದು ವಾಹನ ಹತ್ತಿಸುವುದನ್ನೇ ನಿಲ್ಲಿಸಿದ ವರ್ಷಗಳೂ ಇವೆ. ಅಂಬಾರಗೋಡ್ಲು–ಕಳಸವಳ್ಳಿ ನಡುವಿನ 2.44 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಂದರೆ ಆರು ದಶಕಗಳ ಕಾಲ ತುಮರಿ ದಡದ ಶಾಲೆಯೊಂದರಲ್ಲಿ ಮಗುವಿಗೆ ಅಪಾಯವಾದರೆ ‘ಪೋಷಕರನ್ನು ಕೇಳುವಷ್ಟು ಹೊತ್ತಿದೆಯೇ’ ಎಂಬ ಕಾನೂನಿನ ಪ್ರಶ್ನೆಗೆ ಉತ್ತರ ಲಾಂಚಿನ ವೇಳಾಪಟ್ಟಿಯಲ್ಲಿತ್ತು. ಅಪ್ಪ ತೋಟದಿಂದ ಬರಲು ಅರ್ಧ ಗಂಟೆ ಸಾಕಿರಬಹುದು, ಆದರೆ ಆ ಅರ್ಧ ಗಂಟೆಯಲ್ಲಿ ಲಾಂಚ್ ತಪ್ಪಿದರೆ ಮುಂದಿನದಕ್ಕೆ ಮತ್ತೆ ಕಾಯಬೇಕು. ಸೇತುವೆ ಬಂದಾಗ ಪ್ರವಾಸಿಗರ ಅನುಕೂಲದ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಈ ಲೆಕ್ಕ ಅವಕ್ಕೆ ಅಷ್ಟಾಗಿ ಹೊಳೆಯಲಿಲ್ಲ.

ಸೇತುವೆ ದಾರಿಯನ್ನು ಸರಿಮಾಡಿತು, ಸಿಗ್ನಲ್ಲನ್ನಲ್ಲ. ದೂರವಾಣಿಯಲ್ಲಿ ಪಡೆದ ಸಮ್ಮತಿಗೂ ಬೆಲೆಯಿದೆ. ಇಬ್ಬರು ಕೇಳಿಸಿಕೊಂಡು ಬರೆದಿಟ್ಟರೆ ಇನ್ನೂ ಒಳ್ಳೆಯದು. ಆದರೆ ಹೊಸನಗರದ ನಗರ, ನಿಟ್ಟೂರು, ಸಂಪೆಕಟ್ಟೆ ಕಡೆಯ, ತೀರ್ಥಹಳ್ಳಿಯ ಆಗುಂಬೆ ಕಡೆಯ ಎಷ್ಟೋ ಮನೆಗಳಲ್ಲಿ ಫೋನ್ ಮಾತಾಡಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರೂ ಸುಮ್ಮನಾಗುತ್ತದೆ. ಅಡಿಕೆ ಕೊಯ್ಲಿನ ಹೊತ್ತಿಗೆ ಮನೆಯವರೆಲ್ಲ ತೋಟದಲ್ಲೋ ಚಪ್ಪರದ ಕೆಳಗೋ ಇರುತ್ತಾರೆ. ಪೋಷಕರು ಊರಲ್ಲೇ ಇದ್ದೂ ಕಾನೂನಿನ ಅರ್ಥದಲ್ಲಿ ಸಿಗದವರಾಗುವುದು ಹೀಗೆ.

ಇಲ್ಲಿನ ಶಾಲೆಗಳ ತುರ್ತುಗಳೂ ಇಲ್ಲಿಯವೇ. ಹೆಜ್ಜೇನು ಎದ್ದರೆ ಕೆಲವು ಮಕ್ಕಳಿಗೆ ಒಗ್ಗದಿಕೆಯಿಂದ ನಿಮಿಷಗಳಲ್ಲಿ ಉಸಿರು ಕಟ್ಟಬಹುದು; ಅಲ್ಲಿ ಬೇಕಾದದ್ದು ಅಡ್ರಿನಾಲಿನ್ ಚುಚ್ಚುಮದ್ದು. ಅಮೆರಿಕದ ಹಲವು ರಾಜ್ಯಗಳ ಶಾಲೆಗಳಲ್ಲಿ ಅದನ್ನು ಸಿದ್ಧವಾಗಿ ಇಟ್ಟಿರುತ್ತಾರೆ, ನಮ್ಮಲ್ಲಿ ಅದು ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಹೋದರೆ ಮಾತ್ರ. ಹಾವಿನದು ಇನ್ನೂ ಜಟಿಲ. ನಾಗರಹಾವು, ಕಟ್ಟಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಭಾರತದ ಪ್ರತಿವಿಷ ತಯಾರಾಗುತ್ತದೆ. ಮಲೆನಾಡಿನ ಗುಳಿಮಂಡಲಗಳ ವಿಷಕ್ಕೆ ಅದು ನಾಟುವುದಿಲ್ಲ. ಕಟ್ಟಹಾವು ಕಚ್ಚಿದ್ದು ಎಷ್ಟೋ ವೇಳೆ ನೋವೇ ಇಲ್ಲದೆ ಗೊತ್ತಾಗದೆ ಹೋಗುತ್ತದೆ. ಮಗು ಚಿಕ್ಕದೆಂದು ಪ್ರತಿವಿಷ ಕಡಿಮೆ ಕೊಡುವಂತಿಲ್ಲ. ಹಾವು ಬಿಟ್ಟ ವಿಷ ದೊಡ್ಡವರಿಗೆ ಬಿಟ್ಟಷ್ಟೇ ಆಗಿರುವುದರಿಂದ ಪ್ರಮಾಣವೂ ಅಷ್ಟೇ. ಕುದುರೆಯ ರಕ್ತದಿಂದ ತೆಗೆದ ಮದ್ದಾದ್ದರಿಂದ ಅದೇ ಒಗ್ಗದೆ ಅಪಾಯವೂ ಆಗಬಹುದು. ವೈದ್ಯರು ಸಹಿಗಾಗಿ ಹಿಂಜರಿಯುವುದು ಇದೇ ಕಾರಣಕ್ಕೆ, ಮತ್ತು ಆ ಹಿಂಜರಿಕೆಯನ್ನು ಬರೀ ಹೇಡಿತನವೆಂದು ತಳ್ಳಿಹಾಕುವುದು ಸಲ್ಲದು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಇನ್ನು ಮುಂದೆ ಲೆಕ್ಕವಾದರೂ ಸಿಗಬಹುದು.

ಕಾಯುವಿಕೆಯ ಬೆಲೆ ಏನೆಂದು ತೋರಿಸಿದ್ದು ನೆರೆಯ ವಯನಾಡು. 2019ರ ನವೆಂಬರಿನಲ್ಲಿ ಸುಲ್ತಾನ್ ಬತ್ತೇರಿಯ ಸರ್ಕಾರಿ ಶಾಲೆಯ ತರಗತಿಯಲ್ಲೇ ಐದನೇ ತರಗತಿಯ ಹುಡುಗಿಯೊಬ್ಬಳ ಕಾಲಿಗೆ ಹಾವು ಕಚ್ಚಿತು. ತಂದೆ ಬರುವವರೆಗೆ ಆಸ್ಪತ್ರೆಗೆ ಒಯ್ಯಲಿಲ್ಲವೆಂದು ಅವಳ ಸಹಪಾಠಿಗಳೇ ಹೇಳಿದರು. ಅನಂತರ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆದಾಟ, ಪ್ರತಿವಿಷ ಕೊಡಬೇಕೇ ಬೇಡವೇ ಎಂಬ ಅನಿಶ್ಚಯ. ಅಂದೇ ಅವಳು ತೀರಿಕೊಂಡಳು. ಚರ್ಚೆಯಲ್ಲಿ ಗೋಡೆಯ ಬಿಲಕ್ಕೆ, ಶಾಲೆಯ ದುರಸ್ತಿಗೆ ಸಿಕ್ಕಷ್ಟು ಗಮನ ತಂದೆಗಾಗಿ ಕಾದ ಹೊತ್ತಿಗೆ ಸಿಗಲಿಲ್ಲ. ಬಿಲವನ್ನು ಸಿಮೆಂಟಿನಿಂದ ಮುಚ್ಚಬಹುದು, ಕಾಯುವ ರೂಢಿಯನ್ನು ಹಾಗೆ ಮುಚ್ಚಲಾಗದು.

ಇಷ್ಟು ಹೇಳಿದ ಮೇಲೆ ವಾದಕ್ಕೊಂದು ಬೇಲಿ ಹಾಕಬೇಕು. ನಿಲಯಪಾಲಕರ ಸಹಿ ತುರ್ತಿಗೆ ನಡೆಯುತ್ತದೆ ಎಂದರೆ ಎಲ್ಲಕ್ಕೂ ನಡೆಯುತ್ತದೆ ಎಂದಲ್ಲ. ಆಗಿನ ಆಂಧ್ರಪ್ರದೇಶದ ಖಮ್ಮಂ ಜಿಲ್ಲೆಯಲ್ಲಿ 2009–10ರಲ್ಲಿ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆದಾಗ ಆಶ್ರಮ ಶಾಲೆಗಳ ಹುಡುಗಿಯರ ಪರವಾಗಿ ನಿಲಯಪಾಲಕರೇ ಸಹಿ ಹಾಕಿದರು. ಸಂಸತ್ತಿನ ಸ್ಥಾಯಿ ಸಮಿತಿಯ 2013ರ ವರದಿಯಂತೆ 9,543 ಸಮ್ಮತಿ ಪತ್ರಗಳಲ್ಲಿ 2,763ಕ್ಕೆ ಸಹಿ ಮಾಡಿದವರು ಅವರೇ. ಅಲ್ಲಿ ಯಾವ ಆತುರವೂ ಇರಲಿಲ್ಲ. ಊರಿಗೆ ಹೋಗಿ ತಂದೆತಾಯಿಯರನ್ನು ಕಂಡು ವಿವರಿಸಿ ಬರಲು ವಾರಗಟ್ಟಲೆ ಹೊತ್ತಿತ್ತು. ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಆರರಿಂದ ಹತ್ತನೇ ತರಗತಿಯವರೆಗಿನ ಮಕ್ಕಳಿದ್ದಾರೆ. ಅಲ್ಲಿನ ನಿಲಯಪಾಲಕರಿಗೆ ಅಧಿಕಾರ ಎಷ್ಟಿದೆ, ಎಲ್ಲಿ ಮುಗಿಯುತ್ತದೆ ಎಂಬ ಎರಡೂ ಗೊತ್ತಿರಬೇಕು.

ನಮ್ಮ ಸೀಮೆಯಲ್ಲಿ ಇದಕ್ಕೆ ಸರಿಯಾದ ಪರೀಕ್ಷೆ ಮಂಗನ ಕಾಯಿಲೆಯ ಲಸಿಕೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ರೋಗ 2018–19ರಲ್ಲಿ ಸಾಗರದ ಅರಳಗೋಡು ಭಾಗವನ್ನು ಕಂಗೆಡಿಸಿತು. 2024ರ ಜನವರಿಯಲ್ಲಿ ಹೊಸನಗರ ತಾಲೂಕಿನ 18 ವರ್ಷದ ಯುವತಿಯೊಬ್ಬಳು ಇದಕ್ಕೆ ಬಲಿಯಾದಳು. ಹಳೆಯ ಲಸಿಕೆಯನ್ನು ಏಳು ವರ್ಷ ಮೇಲ್ಪಟ್ಟವರಿಗೆ, ಅಂದರೆ ಶಾಲೆಯ ಮಕ್ಕಳಿಗೂ, ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್ ಎಂದು ಕೊಡುತ್ತಿದ್ದರು. 2005–2010ರ ಅಂಕಿಅಂಶ ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸಿನ ಪರಿಣಾಮ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9 ಎಂದು ಕಂಡುಬಂತು. ಚುಚ್ಚಿದ ಜಾಗ ವಿಪರೀತ ನೋಯುತ್ತದೆಂದು ಜನ ಎರಡನೆಯ ಸರದಿಗೆ ಬಾರದೆ ತಪ್ಪಿಸಿಕೊಂಡದ್ದು ಆರೋಗ್ಯ ಇಲಾಖೆಯವರಿಗೆಲ್ಲ ತಿಳಿದದ್ದೇ. 2022ರಲ್ಲಿ ಆ ಲಸಿಕೆಯ ಬಳಕೆ ನಿಂತಿತು. ಹೊಸದರ ಕೆಲಸ ಐಸಿಎಂಆರ್ ನೇತೃತ್ವದಲ್ಲಿ ನಡೆದಿದೆ. ಅದು ಬಂದಾಗ ಶಾಲೆಯ ಕೋಣೆಯೇ ಲಸಿಕೆಯ ಕೋಣೆಯಾಗುವುದು ಖಂಡಿತ. ರೋಗ ಮಾರಕ ಎನ್ನುವುದರಿಂದ ಲಸಿಕೆ ತುರ್ತಾಗುವುದಿಲ್ಲ. ಡಿಸೆಂಬರಿನಿಂದ ಮೇವರೆಗೆ ಕಾಡುವ ರೋಗಕ್ಕೆ ಜೂನ್‌ನಿಂದಲೇ ತಯಾರಿ ನಡೆಸಬಹುದು. ಶಾಲೆಗಳಲ್ಲಿ ದಡಾರ–ರುಬೆಲ್ಲಾ ಲಸಿಕೆ ಹಾಕುವ ಕುರಿತು ದೆಹಲಿ ಹೈಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದೂ ಇದನ್ನೇ: ಅಭಿಯಾನ ಒಳ್ಳೆಯದೆಂಬ ಕಾರಣಕ್ಕೆ ಪೋಷಕರ ಸಮ್ಮತಿಯನ್ನು ದಾಟಿಹೋಗುವಂತಿಲ್ಲ.

ಮಗುವಿನ ಮಾತು ಎಲ್ಲಿಂದ ಲೆಕ್ಕಕ್ಕೆ ಬರುತ್ತದೆ ಎಂಬುದರಲ್ಲಿ ನಮ್ಮ ನಿಯಮಗಳಿಗೇ ಒಮ್ಮತವಿಲ್ಲ. ಹನ್ನೆರಡರ ಕೆಳಗಿನವರ ಸಮ್ಮತಿ ದಂಡ ಕಾನೂನಿಗೆ ಸಮ್ಮತಿಯೇ ಅಲ್ಲ. ಕರಾರಿಗೆ ಹದಿನೆಂಟು ಬೇಕು. ಐಸಿಎಂಆರ್‌ನ 2017ರ ಸಂಶೋಧನಾ ಮಾರ್ಗಸೂಚಿ ಮಾತ್ರ ಏಳು ತುಂಬಿದ ಮಗುವನ್ನೂ ಕೇಳು ಎನ್ನುತ್ತದೆ. ಹನ್ನೆರಡರಿಂದ ಹದಿನೆಂಟರ ನಡುವಿನ ಹೈಸ್ಕೂಲ್ ಮಕ್ಕಳು ಈ ಬಿರುಕಿನಲ್ಲಿ ಬೀಳುತ್ತಾರೆ: ಪರೀಕ್ಷೆ ಮಾಡಿಸಿಕೊಳ್ಳಲು ಅವರ ಒಪ್ಪಿಗೆ ಸಾಕು, ಶಸ್ತ್ರಕ್ರಿಯೆಗೆ ಸಾಲದು ಎಂದು ವೈದ್ಯರು ಒಂದು ಮಧ್ಯದ ದಾರಿ ಹಿಡಿದಿದ್ದಾರೆ.

ಹಾಗಾದರೆ ಮಾಡಬೇಕಾದ್ದೇನು? ಹೊತ್ತು ಸಿಗದ ಕಡೆ ಸಮ್ಮತಿಯನ್ನು ಹೊತ್ತಿರುವಾಗಲೇ ಪಡೆದಿಡಬೇಕು. ಶಾಲೆ ಶುರುವಾಗುವಾಗ, ಮಳೆ ಬಿರುಸಾಗುವ ಮೊದಲು, ಒಂದು ಹಾಳೆ ಸಾಕು. ತುರ್ತಿನಲ್ಲಿ ಮಗುವನ್ನು ಹತ್ತಿರದ ಆಸ್ಪತ್ರೆಗೆ ಒಯ್ಯಲು, ಅಲ್ಲಿನ ವೈದ್ಯರು ಅಗತ್ಯವೆಂದದ್ದನ್ನು ಮಾಡಲು ಒಪ್ಪಿಗೆ. ಮಗುವಿಗೆ ಫಿಟ್ಸ್, ದಮ್ಮು, ಹೃದಯದ ತೊಂದರೆ ಉಂಟೇ, ಯಾವ ಔಷಧ ಒಗ್ಗದು. ಅಪ್ಪ, ಅಮ್ಮ ಇಬ್ಬರ ನಂಬರು. ಸಿಗ್ನಲ್ ಇಲ್ಲದ ಮನೆಯಾದರೆ ಓಡಿಹೋಗಿ ಹೇಳಬಲ್ಲ ನೆರೆಯವರ ಹೆಸರು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತಿವೆ. ಅವರು ಕಂಡುಹಿಡಿದ ತೊಂದರೆ ಈ ಹಾಳೆಗೆ ಇಳಿದರೆ ತಾಲೂಕು ಆಸ್ಪತ್ರೆಯ ವೈದ್ಯರಿಗೆ ಅರ್ಧ ಕೆಲಸ ಮುಗಿದಂತೆ. ಕೆಲವು ಖಾಸಗಿ ಶಾಲೆಗಳು ‘ಏನಾದರೂ ಶಾಲೆ ಜವಾಬ್ದಾರಿಯಲ್ಲ’ ಎಂದು ಬರೆಸಿಕೊಳ್ಳುವ ಮುಚ್ಚಳಿಕೆ ಇದಲ್ಲ. ಅಂಥ ಬರಹ ಶಾಲೆಯ ಕರ್ತವ್ಯವನ್ನು ಅಳಿಸಲಾರದು; ಪೋಷಕರ ನಂಬಿಕೆಯನ್ನು ಮಾತ್ರ ಅಳಿಸುತ್ತದೆ.

ಪೋಷಕರು ಬಂದ ಮೇಲೆ ‘ಆಸ್ಪತ್ರೆ ಬೇಡ, ನಾಟಿ ಔಷಧ ಕೊಡಿಸುತ್ತೇವೆ’ ಎಂದರೆ? ಇದು ಕಲ್ಪನೆಯ ಪ್ರಶ್ನೆಯಲ್ಲ. ಹಾವು ಕಚ್ಚಿದಾಗ ಮಲೆನಾಡಿನಲ್ಲಿ ಮೊದಲು ನೆನಪಾಗುವುದು ಈಗಲೂ ಎಷ್ಟೋ ಮನೆಗಳಿಗೆ ಪಂಡಿತರೇ. 30ನೇ ಕಲಂ ಸಮ್ಮತಿ ಸಿಗದ ಸಂದರ್ಭಕ್ಕೆ ಹೇಳಿದ್ದೇ ಹೊರತು ಪೋಷಕರು ಎದುರಿಗೆ ನಿಂತು ನಿರಾಕರಿಸಿದ್ದಕ್ಕಲ್ಲ. ಅಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಮೊರೆಹೋಗಬಹುದು, ಆದರೆ ಅದು ಕೂರುವುದು ಶಿವಮೊಗ್ಗದಲ್ಲಿ, ವಿಷ ಏರುವುದು ಇಲ್ಲಿ. ಈ ವಾದಕ್ಕೆ ಸರಿಯಾದ ಸ್ಥಳ ಶಾಲಾಭಿವೃದ್ಧಿ ಸಮಿತಿಯ ಸಭೆ. ಹಾಳೆಗೆ ಸಹಿ ಕೇಳುವ ದಿನವೇ ವೈದ್ಯಾಧಿಕಾರಿಯನ್ನು ಕರೆಸಿ ಮಾತು ಆಗಬೇಕು, ಸಾಧ್ಯವಾದರೆ ಪಂಡಿತರನ್ನೂ ಕೂರಿಸಿಕೊಂಡು.

ಉಳಿದಿರುವುದು ಅಡಿಕೆ ಸುಲಿಯಲು ಉತ್ತರ ಕರ್ನಾಟಕದಿಂದ ಬರುವ ಕುಟುಂಬಗಳ ಮಕ್ಕಳು. ಅವರು ಶಾಲೆಗೆ ಸೇರುವುದು ನವೆಂಬರಿನಲ್ಲಿ, ಹೊರಡುವುದು ಫೆಬ್ರವರಿಗೆ. ಜೂನ್ ತಿಂಗಳ ಹಾಳೆಯಲ್ಲಿ ಅವರ ಹೆಸರಿರುವುದಿಲ್ಲ, ಕೆಲವರದು ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ತೋಟದ ಮಾಲೀಕರ ನಂಬರೇ ಅವರ ನಂಬರು. ಆ ಮಕ್ಕಳನ್ನು ತರಗತಿಯಲ್ಲಿ ಕೂರಿಸಿದ ದಿನವೇ, ಸುಲಿಯುವ ಚಪ್ಪರಕ್ಕೇ ಹೋಗಿ, ತಾಯಿಯ ಹೆಬ್ಬೆಟ್ಟೋ ಸಹಿಯೋ ಪಡೆದು ಬರುವ ಕೆಲಸವನ್ನು ಯಾರಿಗೆ ವಹಿಸಬೇಕೆಂದು ಸಮಿತಿ ಅದೇ ಸಭೆಯಲ್ಲಿ ಗೊತ್ತುಮಾಡಬೇಕು.