ಸೇತುವೆ ಮೇಲೆ ಇಲ್ಲದ ತಮ್ಮ

ಭಾಗ 1

ಮೊದಲ ಫೋಟೋ ನೋಡಿ. ಇಟಲಿಯ ಟ್ರಿಯೆಸ್ಟ್ ಊರು. ಕಾಲುವೆ ಮೇಲೊಂದು ಸೇತುವೆ, ಅದರ ಮೇಲೆ ಹ್ಯಾಟ್ ಹಾಕ್ಕೊಂಡು, ಕಂಕುಳಲ್ಲಿ ಪುಸ್ತಕ ಇಟ್ಕೊಂಡು ನಡೀತಿರೋ ಕಂಚಿನ ಮನುಷ್ಯ. ಜೇಮ್ಸ್ ಜಾಯ್ಸ್. ಪ್ರವಾಸಿಗಳೆಲ್ಲ ಪಕ್ಕದಲ್ಲಿ ನಿಂತು ಸೆಲ್ಫಿ ತಗೋತಾರೆ. ಇಂಗ್ಲಿಷ್ ಎಂ.ಎ. ಮಾಡ್ತಿರೋ ನಮಗಂತೂ ಈ ಹೆಸರು ಕೇಳಿದ್ರೆ 'ಯುಲಿಸೀಸ್' ನೆನಪಾಗಿ ಸಣ್ಣಗೆ ತಲೆನೋವು ಶುರುವಾಗತ್ತೆ.

ಈ ಸರಣಿ ಅವನ ಬಗ್ಗೆ ಅಲ್ಲ, ಅವನ ತಮ್ಮನ ಬಗ್ಗೆ. ಅದೇ ಊರಲ್ಲಿ ಅದೇ ಕೆಲಸ, ಅಂದ್ರೆ ಇಂಗ್ಲಿಷ್ ಪಾಠ ಹೇಳೋ ಕೆಲಸ ಮಾಡಿದವನು ಸ್ಟಾನಿಸ್ಲಾಸ್ ಜಾಯ್ಸ್. ಮನೆಯವರಿಗೆ ಸ್ಟ್ಯಾನಿ.

ಆದ್ರೂ ಕತೆ ಅಣ್ಣನಿಂದಲೇ ಶುರು ಮಾಡ್ಬೇಕು. 1904ರ ಅಕ್ಟೋಬರ್. 22 ವರ್ಷದ ಜೇಮ್ಸ್, ನೋರಾ ಬಾರ್ನಕಲ್ ಅನ್ನೋ ಹುಡುಗಿ ಜೊತೆ ಡಬ್ಲಿನ್ ಬಿಟ್ಟು ಹೊರಟ. ಮದುವೆ ಆಗಿಲ್ಲ, ಕೈಯಲ್ಲಿ ದುಡ್ಡಿಲ್ಲ. ಜ್ಯೂರಿಚ್‌ನ ಬರ್ಲಿಟ್ಜ್ ಭಾಷಾ ಶಾಲೆಯಲ್ಲಿ ಕೆಲಸ ಇದೆ ಅಂತ ಒಬ್ಬ ಏಜೆಂಟ್ ಹೇಳಿದ್ದಷ್ಟೇ ಧೈರ್ಯ. ಅಲ್ಲಿ ಹೋದ್ರೆ ಕೆಲಸ ಇಲ್ಲ. ಟ್ರಿಯೆಸ್ಟ್‌ಗೆ ಕಳಿಸಿದ್ರು, ಅಲ್ಲೂ ಇಲ್ಲ. ಇಳಿದ ದಿನವೇ ನೋರಾಳನ್ನ ಸ್ಟೇಷನ್ ಹತ್ತಿರ ಕೂರಿಸಿ ದುಡ್ಡು ಹುಡುಕೋಕೆ ಹೋದವನು, ಕುಡಿದ ಇಂಗ್ಲಿಷ್ ನಾವಿಕರ ಗಲಾಟೆಯಲ್ಲಿ ಸಿಕ್ಕಿಬಿದ್ದು ಪೊಲೀಸರ ಪಾಲಾದ! ಭಾಷೆ ಬಾರದ ಊರಲ್ಲಿ ಗಂಟೆಗಟ್ಟಲೆ ಒಬ್ಬಳೇ ಕೂತ ನೋರಾ ಏನು ಅಂದ್ಕೊಂಡಳೋ. ಕೊನೆಗೆ ಕೆಲಸ ಸಿಕ್ಕಿದ್ದು ಪೋಲಾ ಅನ್ನೋ ನೌಕಾನೆಲೆಯಲ್ಲಿ, ನೌಕಾಪಡೆಯ ಅಧಿಕಾರಿಗಳಿಗೆ ಇಂಗ್ಲಿಷ್ ಕಲಿಸೋದು. 1905ರ ಮಾರ್ಚ್‌ನಲ್ಲಿ ಮತ್ತೆ ಟ್ರಿಯೆಸ್ಟ್, ಜುಲೈನಲ್ಲಿ ಮೊದಲ ಮಗು.

ಮಗು ಆಯ್ತು, ಸಾಲ ಬೆಳೀತು. ಆಗ ಅಣ್ಣನಿಗೆ ತಮ್ಮ ನೆನಪಾದ. ಇಲ್ಲೊಂದು ಕೆಲಸ ಖಾಲಿ ಇದೆ, ಬಂದುಬಿಡು.

ಭಾಗ 2

ಸ್ಟ್ಯಾನಿಗೆ ಆಗ 20 ವರ್ಷ. ತಾಯಿ 1903ರಲ್ಲೇ ತೀರಿಕೊಂಡಿದ್ದಳು, ಅಪ್ಪನಿಗೆ ಕುಡಿತ, ಮನೆ ತುಂಬ ತಂಗಿಯರು. ಅಂಥ ಮನೆಯಿಂದ ಹೊರಬರೋಕೆ ದಾರಿ ಸಿಕ್ಕಿದ್ರೆ ಯಾರು ಬೇಡ ಅಂತಾರೆ? 1905ರ ಅಕ್ಟೋಬರ್‌ನಲ್ಲಿ ಟ್ರಿಯೆಸ್ಟ್‌ಗೆ ಬಂದ.

ಇಟಾಲಿಯನ್ ಸರಿಯಾಗಿ ಬಾರದ ಹುಡುಗ ಬಂದ ಕೂಡಲೇ ಮೇಷ್ಟ್ರು ಆಗಿದ್ದು ಹೇಗೆ ಅಂತೀರಾ? ಅದು ಬರ್ಲಿಟ್ಜ್ ಪದ್ಧತಿಯ ಮಹಿಮೆ. 1878ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಶಾಲೆಗಳಲ್ಲಿ ಅನುವಾದ ಪೂರ್ತಿ ನಿಷಿದ್ಧ. ಮೇಷ್ಟ್ರು ಪೆನ್ಸಿಲ್ ಎತ್ತಿ ತೋರಿಸಬೇಕು, ಇಂಗ್ಲಿಷಲ್ಲೇ ಹೆಸರು ಹೇಳಬೇಕು, ಇಂಗ್ಲಿಷಲ್ಲೇ ಪ್ರಶ್ನೆ ಕೇಳಬೇಕು. ವಿದ್ಯಾರ್ಥಿಯ ಭಾಷೆ ಮೇಷ್ಟ್ರಿಗೆ ಬರಲೇಬೇಕು ಅಂತಿಲ್ಲ. ಇಂಗ್ಲಿಷ್ ಹುಟ್ಟಿನಿಂದ ಬಂದಿದ್ರೆ ಸಾಕು. (ಗ್ರಾಮರ್ ಟ್ರಾನ್ಸ್‌ಲೇಶನ್ ಮೆಥಡ್ ಅಂತ ಬಾಯಿಪಾಠ ಮಾಡಿದ್ವಲ್ಲ, ಅದಕ್ಕೆ ನೇರ ಎದುರಾಳಿ ಇದು.)

ಗಿರಾಕಿಗಳಿಗೂ ಕೊರತೆ ಇರಲಿಲ್ಲ. ಟ್ರಿಯೆಸ್ಟ್ ಆಗ ಇಟಲಿಯಲ್ಲಿ ಇರಲಿಲ್ಲ, ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ದೊಡ್ಡ ಬಂದರು ಅದು. ಹಡಗು ಕಂಪನಿ, ವಿಮಾ ಕಂಪನಿ, ಕಾಫಿ ವ್ಯಾಪಾರ. ಬೀದಿಯಲ್ಲಿ ಇಟಾಲಿಯನ್, ಸ್ಲೊವೀನ್, ಜರ್ಮನ್. ವ್ಯಾಪಾರ ಬೆಳೆಯೋಕೆ ಇಂಗ್ಲಿಷ್.

ಇಲ್ಲೊಂದು ವಿಚಿತ್ರ ಇದೆ. ಐರ್ಲೆಂಡ್ ಆಗ ಬ್ರಿಟಿಷರ ಕೈಕೆಳಗೆ. ಇಂಗ್ಲಿಷ್ ಅವರಿಗೆ ಆಳುವವರಿಂದ ಬಂದ ಭಾಷೆ. ಅದನ್ನೇ ಮಾರಿ ಈ ಹುಡುಗರು ಪರದೇಶದಲ್ಲಿ ಹೊಟ್ಟೆ ಹೊರೀತಿದ್ರು. ಇದು ನಮಗೆ ಬಿಡಿಸಿ ಹೇಳಬೇಕಾದ ವಿಷಯ ಅಲ್ಲ.

ಸ್ಟ್ಯಾನಿಯ ಸಂಬಳ ಅಣ್ಣನ ಸಂಸಾರಕ್ಕೆ ಹೋಗ್ತಿತ್ತು. 1906ರಲ್ಲಿ ಜೇಮ್ಸ್ ಟ್ರಿಯೆಸ್ಟ್ ಬೇಜಾರಾಗಿ ರೋಮ್‌ಗೆ ಹೋಗಿ ಬ್ಯಾಂಕ್ ಗುಮಾಸ್ತನಾದ. ಅಲ್ಲಿಂದ ತಮ್ಮನಿಗೆ ದುಡ್ಡು ಕಳಿಸು ಅಂತ ಮೇಲಿಂದ ಮೇಲೆ ಪತ್ರ. ಮರುವರ್ಷ ವಾಪಸ್. 1909ರಲ್ಲಿ ಡಬ್ಲಿನ್‌ನಲ್ಲಿ ಸಿನಿಮಾ ಮಂದಿರ ತೆಗೀತೀನಿ ಅಂತ ಹೋದ, ವೋಲ್ಟಾ ಅಂತ ಹೆಸರು. ತೆಗೆದ, ನಡೀಲಿಲ್ಲ. ಅಷ್ಟು ತಿಂಗಳು ಟ್ರಿಯೆಸ್ಟ್‌ನಲ್ಲಿ ನೋರಾ, ಮಕ್ಕಳು, ಮನೆ ಬಾಡಿಗೆ ಎಲ್ಲ ತಮ್ಮನ ತಲೆ ಮೇಲೆ. ಅಣ್ಣ ರಾತ್ರಿ ಹೊತ್ತು ಹೋಟೆಲಲ್ಲಿ ಕುಡೀತಾ ಕೂತ್ರೆ ಮನೆಗೆ ಎಳೆದು ತರೋ ಕೆಲಸವೂ ಅವನದೇ.

ಜೇಮ್ಸ್ ಸೋಮಾರಿ ಅಂತ ನಾನು ಹೇಳ್ತಿಲ್ಲ. 'ಡಬ್ಲಿನರ್ಸ್' ಕತೆಗಳನ್ನ ಬಹುಪಾಲು ಬರೆದಿದ್ದು ಇದೇ ವರ್ಷಗಳಲ್ಲಿ. ಪೇಂಟ್ ಕಂಪನಿಯ ಎತ್ತೋರೆ ಶ್ಮಿಟ್ಜ್‌ಗೆ ಮನೆಪಾಠ ಹೇಳ್ತಾ, ಜನ ಮರೆತಿದ್ದ ಅವನ ಎರಡು ಕಾದಂಬರಿ ಓದಿ ಹುರಿದುಂಬಿಸಿದ್ದೂ ಜೇಮ್ಸೇ. ಆ ಶಿಷ್ಯನೇ ಇಟಾಲೊ ಸ್ವೇವೊ. ಆದ್ರೆ ಕತೆ ಬರೆಯೋ ಮೇಜಿನ ಬಾಡಿಗೆ ಕಟ್ಟಿದ್ದು ಯಾರು? ಅಣ್ಣನ ಮೊದಲ ಕವನ ಸಂಕಲನ 'ಚೇಂಬರ್ ಮ್ಯೂಸಿಕ್'ಗೆ ಹೆಸರು ಸೂಚಿಸಿದವನೂ ಇದೇ ತಮ್ಮ.

ಭಾಗ 3

1914ರಲ್ಲಿ ಮಹಾಯುದ್ಧ. ಐರಿಷ್ ಆದ್ರೂ ಕಾಗದದಲ್ಲಿ ಇಬ್ಬರೂ ಬ್ರಿಟಿಷ್ ಪ್ರಜೆಗಳು, ಅಂದ್ರೆ ಆಸ್ಟ್ರಿಯಾಗೆ ಶತ್ರುಗಳು. ಇಟಲಿಯ ಪರ ಬಾಯಿಬಿಟ್ಟು ಮಾತಾಡ್ತಿದ್ದ ಸ್ಟ್ಯಾನಿಯನ್ನ 1915ರ ಜನವರಿಯಲ್ಲಿ ಹಿಡಿದ್ರು. ಯುದ್ಧ ಮುಗಿಯೋವರೆಗೂ ಸೆರೆ, ಅದರಲ್ಲಿ ಹೆಚ್ಚು ಕಾಲ ಲಿಂಜ್ ಹತ್ತಿರದ ಕಾಟ್ಜೆನೌ ಶಿಬಿರದಲ್ಲಿ. ಜೇಮ್ಸ್‌ಗೆ ಅದೇ ವರ್ಷ ಜೂನ್‌ನಲ್ಲಿ ಸಂಸಾರ ಸಮೇತ ಸ್ವಿಟ್ಜರ್ಲೆಂಡ್‌ಗೆ ಹೋಗೋಕೆ ಅನುಮತಿ ಸಿಕ್ತು.

ಸುಮಾರು ನಾಲ್ಕು ವರ್ಷ. ಈ ಹೊತ್ತಿಗೆ ಅಣ್ಣ ಹೆಸರು ಮಾಡಿದ್ದ, ದುಡ್ಡು ಕೊಡೋ ಪೋಷಕಿ ಕೂಡ ಸಿಕ್ಕಿದ್ದಳು. 1919ರಲ್ಲಿ ಮತ್ತೆ ಟ್ರಿಯೆಸ್ಟ್‌ಗೆ ಬಂದು ತಂಗಿ ಐಲೀನ್, ಸ್ಟ್ಯಾನಿ ಎಲ್ಲರೂ ಇದ್ದ ಮನೆಗೇ ಸೇರಿಕೊಂಡ. ಮೊದಲಿನ ಹಾಗೆ ಇರಲಿಲ್ಲ. ಜೈಲು ನೋಡಿ ಬಂದ ತಮ್ಮ ಇನ್ನು ಅಣ್ಣನ ಹಿಂದೆ ಓಡೋಕೆ ತಯಾರಿರಲಿಲ್ಲ. 1920ರ ಜುಲೈನಲ್ಲಿ ಜೇಮ್ಸ್ ಪ್ಯಾರಿಸ್‌ಗೆ ಹೋದ, ಎರಡು ವರ್ಷಕ್ಕೆ 'ಯುಲಿಸೀಸ್' ಬಂತು. ಮುಂದಿನ ಕಾದಂಬರಿಯ ಮಾದರಿ ಓದಿದ ಸ್ಟ್ಯಾನಿ 1924ರಲ್ಲಿ, ಇದೆಲ್ಲ ನನಗೆ ಅರ್ಥವಿಲ್ಲದ್ದು ಅನ್ನೋ ಧಾಟಿಯಲ್ಲಿ ಪತ್ರ ಬರೆದ. (ಆ ಕಾದಂಬರಿ ಮುಂದೆ 'ಫಿನ್ನೆಗನ್ಸ್ ವೇಕ್' ಆಯ್ತು. ಸ್ಟ್ಯಾನಿ, ನಾನು ನಿನ್ನ ಪಕ್ಷ.)

ಸ್ಟ್ಯಾನಿ ಅಣ್ಣನ ಜೊತೆ ಹೋಗಲಿಲ್ಲ. ಅಣ್ಣ ಬಿಟ್ಟುಹೋದ ಕಾಲೇಜಿನ ಹುದ್ದೆಗೆ ಸೇರಿದ. ಆ ಕಾಲೇಜೇ ಮುಂದೆ ವಿಶ್ವವಿದ್ಯಾಲಯ ಆಯ್ತು, ಅವನು ಇಂಗ್ಲಿಷ್ ಪ್ರೊಫೆಸರ್ ಆದ. ಮದುವೆ ಆಯ್ತು, ಮಗ ಹುಟ್ಟಿದ. ಅವನು ಆ ಊರಿಗೆ ಬಂದಾಗ ಆಸ್ಟ್ರಿಯಾದ ಚಕ್ರವರ್ತಿಯ ಆಳ್ವಿಕೆ ಇತ್ತು. ಆಮೇಲೆ ಇಟಲಿ ಬಂತು, ಫ್ಯಾಸಿಸ್ಟರು ಬಂದ್ರು, ಜರ್ಮನ್ನರು ಬಂದ್ರು, ಕೆಲವೇ ವಾರ ಯುಗೊಸ್ಲಾವಿಯಾ ಸೈನ್ಯ, ನಂತರ 1954ರವರೆಗೆ ಬ್ರಿಟಿಷ್-ಅಮೆರಿಕನ್ ಆಡಳಿತ, ಮತ್ತೆ ಇಟಲಿ. ಮೇಷ್ಟ್ರಿಗೆ ಕಲಿಸೋಕೆ ಇದ್ದಿದ್ದು ಮಾತ್ರ ಅದೇ ಇಂಗ್ಲಿಷ್.

ನಮ್ಮ ಕ್ಲಾಸಿನ ಕೆಲವರು ಈ ವರ್ಷ ಇಂಗ್ಲಿಷ್ ಕಲಿಸೋಕೆ ಹೊರದೇಶಕ್ಕೆ ಅರ್ಜಿ ಹಾಕ್ತಿದ್ದಾರೆ. ಮೊನ್ನೆ ಒಬ್ಬಳು, ಅಲ್ಲಿ ಹೋದ ಮೇಲೆ ಮನೆಗೆ ತಿಂಗಳಿಗೆ ಎಷ್ಟು ಕಳಿಸಬೇಕಾಗತ್ತೋ ಅಂತ ಮೊಬೈಲಲ್ಲಿ ಲೆಕ್ಕ ಹಾಕ್ತಿದ್ದಳು. ಈ ಸರಣಿ ಬರೀಬೇಕು ಅನ್ನಿಸಿದ್ದೇ ಆವಾಗ.

ಭಾಗ 4 (ಕೊನೆಯದು, ಚಿಕ್ಕದು)

ಅಣ್ಣ 1941ರಲ್ಲಿ ತೀರಿಕೊಂಡ. ಸ್ಟ್ಯಾನಿ ತನ್ನ ನೆನಪುಗಳನ್ನ ಬರೆಯೋಕೆ ಕೂತ. 'ಮೈ ಬ್ರದರ್ಸ್ ಕೀಪರ್' ಅಂತ 1958ರಲ್ಲಿ ಅದು ಪ್ರಕಟ ಆಯ್ತು, ಅಷ್ಟರಲ್ಲಿ ಅವನಿರಲಿಲ್ಲ. ಪುಸ್ತಕ ಅಪೂರ್ಣ. ಡಬ್ಲಿನ್‌ನ ದಿನಗಳಿಗೇ ನಿಂತುಹೋಗಿದೆ, ಬಾಡಿಗೆ ಕಟ್ಟಿದ ಟ್ರಿಯೆಸ್ಟ್ ವರ್ಷಗಳವರೆಗೆ ಬರೋದೇ ಇಲ್ಲ.

ಜೇಮ್ಸ್ ತನ್ನ 'ಯುಲಿಸೀಸ್' ಪೂರ್ತಿ ಕತೆಯನ್ನ ಒಂದೇ ದಿನದಲ್ಲಿ ಇಟ್ಟಿದ್ದಾನೆ. 1904ರ ಜೂನ್ 16. ಜಗತ್ತಿನ ಓದುಗರು ಇವತ್ತಿಗೂ ಆ ದಿನವನ್ನ ಹಬ್ಬದ ಹಾಗೆ ಆಚರಿಸ್ತಾರೆ. ಸ್ಟಾನಿಸ್ಲಾಸ್ ಜಾಯ್ಸ್ ಟ್ರಿಯೆಸ್ಟ್‌ನಲ್ಲಿ ಕಣ್ಣು ಮುಚ್ಚಿದ್ದು 1955ರಲ್ಲಿ. ತಾರೀಖು, ಜೂನ್ 16.