ಬಾಯಿ ಸತ್ತವರ ಸಾಕ್ಷಿ

2015ರ ಮಾರ್ಚ್ ತಿಂಗಳಲ್ಲಿ ದಿಲ್ಲಿಯ ಸಂಸದೀಯ ಸಮಿತಿಯೊಂದರ ಅಧ್ಯಕ್ಷರಾಗಿದ್ದ ಅಹಮದ್‌ನಗರದ ಸಂಸದ ದಿಲೀಪ್ ಗಾಂಧಿ ಒಂದು ಮಾತು ಹೇಳಿದರು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ ಎನ್ನುವ ಅಧ್ಯಯನಗಳೆಲ್ಲ ಹೊರದೇಶದವು, ಭಾರತದಲ್ಲಿ ಅಂಥ ಸಮೀಕ್ಷೆ ನಡೆದಿಲ್ಲ ಅಂತ. ಏಪ್ರಿಲ್ 1ರಿಂದ ತಂಬಾಕು ಪೊಟ್ಟಣದ ಶೇಕಡಾ 85 ಭಾಗದಲ್ಲಿ ಬರಬೇಕಿದ್ದ ಎಚ್ಚರಿಕೆಯ ಚಿತ್ರ ಒಂದು ವರ್ಷ ಮುಂದಕ್ಕೆ ಹೋಯಿತು. ಅದೇ ಸಮಿತಿಯಲ್ಲಿ ಬೀಡಿ ಉದ್ಯಮಿಯೊಬ್ಬರೂ ಸದಸ್ಯರಾಗಿದ್ದರು. ಕುರಿ ಕಾಯಲು ತೋಳ ಸಂಬಳ ಬೇಡ ಅಂದಿತಂತೆ!

ಸಾಕ್ಷಿ ಎಲ್ಲಿದೆ ಎಂದು ಕೇಳುವವರಿಗೆ ನಾವು ಕುಂದಾಪುರ, ಬೈಂದೂರು, ಬ್ರಹ್ಮಾವರದ ಗದ್ದೆಗಳಲ್ಲಿ ನಿಂತು ಉತ್ತರ ಹೇಳಬೇಕಾಗಿದೆ. ಯಾಕೆಂದರೆ ಈ ಚರ್ಚೆಯ ಇತಿಹಾಸ ಇರುವುದು ದುಡಿವ ಜನರ ಬಾಯಲ್ಲಿ. ಬಾಯಿ ಸತ್ತವರು ಅಂತ ಯಾರನ್ನು ಕರೆದರೋ ಅವರ ಬಾಯಲ್ಲಿ.

ನಮ್ಮ ಕಡೆ ಎಲೆ-ಅಡಿಕೆ ಅಂದರೆ ಮರ್ಯಾದೆ. ಮದುವೆಗೆ ಅದೇ, ದೈವದ ಕೋಲಕ್ಕೂ ಅದೇ, ನೆಂಟರು ಬಂದರೂ ಮೊದಲು ಅದೇ. ಆದರೆ ಒಡೇರ ಜಗುಲಿಯ ಎಲೆ ಬೇರೆ, ಗದ್ದೆಯ ಎಲೆ ಬೇರೆ. ಜಗುಲಿಯಲ್ಲಿ ಊಟದ ಮೇಲೆ ಹಾಕುತ್ತಾರೆ. ಗದ್ದೆಯಲ್ಲಿ ಊಟದ ಬದಲು ಹಾಕುತ್ತಾರೆ. ಮೂಲದಾಳುಗಳಿಗೆ ಎಲೆ, ಅಡಿಕೆ, ಒಂದು ಚೂರು ಹೊಗೆಸೊಪ್ಪು ಕೂಲಿಯ ಜೊತೆಗೇ ಬರುತ್ತಿತ್ತು, ಅದನ್ನೂ ಅಂಗಳದಾಚೆ ನಿಂತವರ ಕಡೆಗೆ ಎಸೆಯುತ್ತಿದ್ದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ನಟ್ಟಿಗದ್ದೆಯಲ್ಲಿ ಬೆಳಗಿನಿಂದ ಸೊಂಟ ಬಗ್ಗಿಸಿದ ಹೆಂಗಸರು "ಎಲಿ ಹಾಕ್ರೆ ಹೊಟ್ಟಿ ಹಸೂದ್ ಗೊತ್ತಾತಿಲ್ಲೆ" ಅನ್ನುತ್ತಾರೆ. ನಿಕೋಟಿನ್ ಹಸಿವನ್ನು ಕೊಲ್ಲುತ್ತದೆ ಎಂದು ವಿಜ್ಞಾನವೂ ಅದನ್ನೇ ಹೇಳುತ್ತದೆ. ಹಸಿವು ಸತ್ತರೆ ಲಾಭ ಯಾರಿಗೆ? ಕೂಲಿ ಕೊಡುವವನಿಗೆ.

ಹೊಗೆಸೊಪ್ಪು ಈ ನೆಲದ್ದಲ್ಲ. ಅಮೆರಿಕಾ ಖಂಡದ ಗಿಡ ಪೋರ್ಚುಗೀಸರ ಹಡಗು ಹತ್ತಿ ನಮ್ಮ ಕರಾವಳಿಗೆ ಬಂತು. 1604ರ ಸುಮಾರಿಗೆ ಅಕ್ಬರನ ಅಧಿಕಾರಿ ಅಸದ್ ಬೇಗ್ ಅದನ್ನು ಬಿಜಾಪುರದಲ್ಲಿ ಕಂಡು ಬಾದಶಹನಿಗೆ ಕಾಣಿಕೆಯಾಗಿ ಒಯ್ದ. ನಮ್ಮ ವೈದ್ಯಗ್ರಂಥಗಳಲ್ಲಿ ಇದರ ಮಾತಿಲ್ಲ, ಬೇಡ ಎಂದು ಆಸ್ಥಾನದ ಹಕೀಮ ತಡೆದ. ವಾದ ನಡೆಯಿತು. ಅಕ್ಬರ್ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ಆದರೆ ಸರದಾರರು ಕೇಳಿದರು, ವ್ಯಾಪಾರಿಗಳು ಮಾರತೊಡಗಿದರು. ವೈದ್ಯರ ಚರ್ಚೆ ಮುಗಿಯಲಿ ಎಂದು ವ್ಯಾಪಾರ ಅಂದೂ ಕಾಯಲಿಲ್ಲ, ಇಂದೂ ಕಾಯುವುದಿಲ್ಲ.

ಕುಂದಾಪುರ ಸೇರಿದ ಕೆನರಾ ಜಿಲ್ಲೆ ಕಂಪನಿ ಸರ್ಕಾರದ ಕೈಸೇರಿದ ಮೇಲೆ, 19ನೇ ಶತಮಾನದ ಮೊದಲರ್ಧದಲ್ಲಿ ಉಪ್ಪು ಮತ್ತು ಹೊಗೆಸೊಪ್ಪಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯವಾಯಿತು. 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರಿನಲ್ಲಿ ದಕ್ಷಿಣ ಕೆನರಾದ ರೈತರು ದಂಗೆ ಎದ್ದಾಗ, ಈ ಎರಡು ಏಕಸ್ವಾಮ್ಯಗಳನ್ನೂ ತೆಗೆದುಹಾಕುತ್ತೇವೆ ಎಂಬುದು ಬಂಡಾಯಗಾರರ ಭರವಸೆಗಳಲ್ಲಿ ಒಂದಾಗಿತ್ತು. ಗಮನಿಸಿ: ಉಪ್ಪಿನ ಪಕ್ಕದಲ್ಲೇ ಹೊಗೆಸೊಪ್ಪು. ಅಷ್ಟು ಹೊತ್ತಿಗಾಗಲೇ ಬಡವನ ಬಾಯಿಗೆ ಎರಡೂ ಬೇಕಾಗಿತ್ತು, ಸರ್ಕಾರದ ಬೊಕ್ಕಸಕ್ಕೆ ಎರಡೂ ಬೇಕಾಗಿತ್ತು.

ಇನ್ನು ರೋಗದ ಮಾತು. ದಕ್ಷಿಣ ತಿರುವಾಂಕೂರಿನ ನೆಯ್ಯೂರಿನಲ್ಲಿ ಲಂಡನ್ ಮಿಷನ್ನಿನ ಆಸ್ಪತ್ರೆಯಿತ್ತು. 1908ರಲ್ಲಿ ಅಲ್ಲಿಯ ವೈದ್ಯ ಬೆಂಟಾಲ್ 1,700 ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ. ಅದೇ ವರ್ಷ ಅದೇ ಪತ್ರಿಕೆಯಲ್ಲಿ ಫೆಲ್ಸ್ ಎಂಬ ವೈದ್ಯ ದಕ್ಷಿಣ ಭಾರತದಲ್ಲಿ ಬಾಯಿ ಕ್ಯಾನ್ಸರಿಗೆ ಮಾಡಿದ 209 ಶಸ್ತ್ರಚಿಕಿತ್ಸೆಗಳ ವಿವರ ಬರೆದ. 1933ರಲ್ಲಿ ಓರ್ ಎಂಬ ವೈದ್ಯ ತಿರುವಾಂಕೂರಿನ ಎಲೆ ಜಗಿಯುವವರ ಬಾಯಿ ಕ್ಯಾನ್ಸರನ್ನು ಪರಿಶೀಲಿಸಿ, ಎಲೆಯ ಜೊತೆಗಿನ ಹೊಗೆಸೊಪ್ಪಿನ ಕಡೆಗೇ ಬೆರಳು ತೋರಿಸಿದ. ಭಾರತದಲ್ಲಿ ಸಮೀಕ್ಷೆ ಇಲ್ಲ ಎಂದು ದಿಲ್ಲಿಯಲ್ಲಿ ಹೇಳುವ ಹೊತ್ತಿಗೆ ಈ ಸಾಕ್ಷಿಗೆ 80, 100 ವರ್ಷಗಳಾಗಿದ್ದವು.

ಆದರೂ ಅನುಮಾನಗಳಿದ್ದವು, ಪ್ರಾಮಾಣಿಕ ಅನುಮಾನಗಳೇ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ನಾಲ್ಕೂ ಒಟ್ಟಿಗೆ ಕಟವಾಯಲ್ಲಿ ಕೂತಿರುವಾಗ ಅಪರಾಧಿ ಯಾರು? ಸುಣ್ಣ ಎಂದರು ಕೆಲವರು. ಅಡಿಕೆ ಎಂದರು ಕೆಲವರು. ಹಲ್ಲಿನ ಕೊಳಕು ಎಂದರು, ಒಳ್ಳೆಯ ಆಹಾರವಿಲ್ಲದ್ದು ಎಂದರು. ಇದನ್ನು ಬಿಡಿಸಲು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಫಾಲಿ ಮೆಹ್ತಾ ಮತ್ತು ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಅವರ ತಂಡ ಹಳ್ಳಿಗಳಿಗೇ ಹೋಯಿತು. ಐದು ಜಿಲ್ಲೆಗಳ 50,915 ಹಳ್ಳಿಗರ ಬಾಯಿ ಪರೀಕ್ಷಿಸಿ 1969ರಲ್ಲಿ ವರದಿ ಕೊಟ್ಟಿತು. ಮುಂದೆ ಸುಮಾರು 30 ಸಾವಿರ ಜನರನ್ನು ಹತ್ತು ವರ್ಷ ಬೆನ್ನುಹತ್ತಿ ನೋಡಿ 1980ರಲ್ಲಿ ಫಲಿತಾಂಶ ಪ್ರಕಟಿಸಿದರು: ಬಾಯಿ ಕ್ಯಾನ್ಸರ್ ಮತ್ತು ಅದರ ಮುನ್ಸೂಚನೆಯ ಗಾಯಗಳು ಕಂಡದ್ದು ಹೆಚ್ಚುಕಡಿಮೆ ತಂಬಾಕು ಸೇದುವವರಲ್ಲಿ, ಜಗಿಯುವವರಲ್ಲಿ ಮಾತ್ರ. 1990ರಲ್ಲಿ ನಮ್ಮ ಬೆಂಗಳೂರಿನ ಅಧ್ಯಯನ ಬಂತು. 348 ರೋಗಿಗಳನ್ನು ಅಷ್ಟೇ ಸಂಖ್ಯೆಯ ರೋಗವಿಲ್ಲದವರೊಂದಿಗೆ ಹೋಲಿಸಿದರು. ಎಷ್ಟು ವರ್ಷ, ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ಜಗಿದರೋ ಅಷ್ಟಷ್ಟು ಅಪಾಯ ಏರುತ್ತಿತ್ತು. ಹೆಂಗಸರಲ್ಲಿ ಗಂಡಸರಿಗಿಂತ ಹೆಚ್ಚು. ಇದನ್ನು ನಮ್ಮ ತಾಯಂದಿರಿಗೆ ಬಂದು ಹೇಳಿದವರು ಯಾರು?

ಕಾರಣವೂ ಗುಟ್ಟಾಗಿ ಉಳಿದಿಲ್ಲ. ಸೊಪ್ಪನ್ನು ಒಣಗಿಸಿ ಹದಮಾಡುವಾಗ, ಕೊಳೆಯಿಸುವಾಗ ನೈಟ್ರೊಸಮೈನ್ ಎಂಬ ವಿಷಗಳು ಹುಟ್ಟುತ್ತವೆ. ಇವುಗಳಲ್ಲೊಂದನ್ನು ತಂಬಾಕಿನಲ್ಲೇ ಕಂಡುಹಿಡಿದು 1974ರಲ್ಲಿ ಪ್ರಕಟಿಸಿದರು. ಸುಣ್ಣ ಸೇರಿದರೆ ನಿಕೋಟಿನ್ ಬೇಗ ರಕ್ತಕ್ಕೆ ಇಳಿಯುತ್ತದೆ, ಚಟ ಗಟ್ಟಿಯಾಗುತ್ತದೆ. ಮಾರುವವರ ಪರವಾಗಿ ವಾದಿಸುವವರು ಸ್ವೀಡನ್ ದೇಶದ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಸ್ನೂಸ್ ಎಂಬ ತಂಬಾಕನ್ನು ತುಟಿಯೊಳಗೆ ಇಟ್ಟುಕೊಳ್ಳುತ್ತಾರೆ, 1998ರ ಅಧ್ಯಯನಗಳಲ್ಲಿ ಬಾಯಿ ಕ್ಯಾನ್ಸರ್ ಸ್ಪಷ್ಟವಾಗಿ ಏರಿದ್ದು ಕಾಣಲಿಲ್ಲ. ನಿಜ. ಆ ಸೊಪ್ಪನ್ನು ಕೊಳೆಯಿಸದೆ ಬಿಸಿಮಾಡಿ ತಯಾರಿಸುತ್ತಾರೆ, ಅದರಲ್ಲಿ ಈ ವಿಷ ಕಡಿಮೆ. ಅದನ್ನು ತೋರಿಸಿ ನಮ್ಮ ಹೊಗೆಸೊಪ್ಪನ್ನು ಸಮರ್ಥಿಸುವುದು ನಮ್ಮನ್ನು ದಡ್ಡರೆಂದು ತಿಳಿದ ಮಾತು.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1985ರಲ್ಲೇ ಹೊಗೆಸೊಪ್ಪು ಸೇರಿದ ಎಲೆ-ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿತು. ಹೊಗೆಸೊಪ್ಪಿಲ್ಲದ ಎಲೆ-ಅಡಿಕೆಯ ಬಗ್ಗೆ ಆಗ ಸಾಕ್ಷ್ಯ ಸಾಲದು ಎಂದಿತ್ತು. 2004ರಲ್ಲಿ ಅಡಿಕೆಯನ್ನೂ ಅದೇ ಪಟ್ಟಿಗೆ ಸೇರಿಸಿತು. ಅಡಿಕೆ ಬೆಳೆಗಾರರು ಸಿಟ್ಟಾದರು. ಅವರ ಸಂಕಟ ನಮಗೆ ಅರ್ಥವಾಗದ್ದಲ್ಲ. ಅವರ ತೋಟದ ಅಡಿಕೆ ಸುಲಿಯುವ ಬೆರಳುಗಳು ನಮ್ಮವು, ಬೀಡಿ ಕಟ್ಟಿ ಒಲೆ ಹೊತ್ತಿಸುವ ಕೈಗಳೂ ನಮ್ಮವು. ಆದ್ದರಿಂದ ಬೆಳೆಯುವವನಿಗೆ ಬೇರೆ ಬೆಳೆ, ಕಟ್ಟುವವಳಿಗೆ ಬೇರೆ ಕೆಲಸ ಕೇಳುವ ಹೋರಾಟವೂ ಇದರೊಳಗೇ ಸೇರಬೇಕು. ರೋಗ ಸುಳ್ಳು ಎಂದು ಹೇಳಿ ಹೊಟ್ಟೆ ತುಂಬಿಸುವುದು ಹೋರಾಟವಾಗಲಾರದು.

ಈಗ ಸರ್ಕಾರ ಯಾರಿಗೆ, ಯಾವಾಗ ಎಚ್ಚರಿಕೆ ಕೊಟ್ಟಿತು ನೋಡೋಣ. 1975ರ ಕಾನೂನು ಸಿಗರೇಟು ಪೊಟ್ಟಣದ ಮೇಲೆ ಎಚ್ಚರಿಕೆ ಬರೆಸಿತು. ಹೊಗೆಸೊಪ್ಪಿನ ಹೆಸರಿನಲ್ಲಿ ಹೊಗೆಯಿದ್ದರೂ ಕಾನೂನಿನ ಕಣ್ಣಿಗೆ ಕಾಣಲಿಲ್ಲ. ಜಗಿಯುವ ತಂಬಾಕಿನ ಸರದಿ ಬಂದದ್ದು 1990ರಲ್ಲಿ, ಅದೂ ಅಕ್ಷರದಲ್ಲಿ. ಅಕ್ಷರ ಯಾರಿಗೆ ಕೊಟ್ಟಿದ್ದರು? 2009ರಲ್ಲಿ ಚಿತ್ರ ಬಂತು: ಜಗಿಯುವ ತಂಬಾಕಿನ ಪೊಟ್ಟಣದ ಮೇಲೆ ಒಂದು ಚೇಳು! ಓದು ಬಾರದವರಿಗೆ ಬಾಯಿಯ ಹುಣ್ಣು ತೋರಿಸುವ ಬದಲು ಚೇಳು ತೋರಿಸಿದರು. ಹುಣ್ಣಿನ ಚಿತ್ರ ಬರಲು 2011ರ ಡಿಸೆಂಬರ್ ಆಗಬೇಕಾಯಿತು. 2013ರಲ್ಲಿ ಕರ್ನಾಟಕ ಸರ್ಕಾರ ಗುಟ್ಕಾ ನಿಷೇಧಿಸಿತು. ಕಂಪನಿಗಳು ಒಂದು ಪೊಟ್ಟಣವನ್ನು ಎರಡು ಮಾಡಿದವು, ಮಸಾಲೆ ಒಂದರಲ್ಲಿ, ತಂಬಾಕು ಇನ್ನೊಂದರಲ್ಲಿ. ಶೇಕಡಾ 85ರ ಚಿತ್ರವನ್ನು ನಮ್ಮ ರಾಜ್ಯದ ಹೈಕೋರ್ಟ್ 2017ರ ಡಿಸೆಂಬರಿನಲ್ಲಿ ರದ್ದು ಮಾಡಿತು, ಮರುತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು.

ಹೇಳಿದರೆ ಈ ಜನ ಕೇಳುತ್ತಾರೆಯೇ ಎಂದು ಮೂಗು ಮುರಿಯುವವರಿಗೆ ಇನ್ನೊಂದು ಸಾಕ್ಷಿಯಿದೆ. ಮೆಹ್ತಾ ಅವರ ತಂಡವೇ 36 ಸಾವಿರ ತಂಬಾಕು ಬಳಸುವವರ ನಡುವೆ ಕೆಲಸ ಮಾಡಿ, 1986ರಲ್ಲಿ ಫಲಿತಾಂಶ ಬರೆಯಿತು. ಎದುರು ಕೂತು ತಿಳಿಸಿ ಹೇಳಿದ ಕಡೆ ಜನ ಬಿಟ್ಟರು, ಕಡಿಮೆ ಮಾಡಿದರು. ಬಾಯಿಯ ಬಿಳಿ ಮಚ್ಚೆಗಳೂ ಕಡಿಮೆಯಾದವು. ಅವರೂ ಹಳ್ಳಿಯ ಜನವೇ.

ಆದ್ದರಿಂದ ಹಳ್ಳಿಶಾಲೆಯ ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ಹೇಳುವ ಕೆಲಸ ನಮ್ಮದು. ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರಕ್ಕೂ ಮಾಯದ ಹುಣ್ಣು, ಮೂರು ಬೆರಳು ಹೋಗದಷ್ಟು ಬಿಗಿದ ಬಾಯಿ ಕಂಡರೆ ಆ ದಿನವೇ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. 30 ದಾಟಿದವರ ಬಾಯಿ ಪರೀಕ್ಷೆ ಸರ್ಕಾರದ್ದೇ ಕಾರ್ಯಕ್ರಮ. ಅದನ್ನು ನಮ್ಮ ಕೇರಿಗೆ, ಹಾಡಿಗೆ ತರುವಂತೆ ಕೇಳಿರಿ. ಜಗಿಯುವವಳನ್ನು ಹಂಗಿಸಬೇಡಿ. ಅವಳಿಗೆ ಗದ್ದೆಯ ಅಂಚಿನಲ್ಲಿ ಹೊತ್ತಿಗೆ ಸರಿಯಾಗಿ ಗಂಜಿ, ದುಡಿಮೆಗೆ ತಕ್ಕ ಕೂಲಿ ಸಿಗಬೇಕೆಂದು ಒಡೇರ ಎದುರು ನಿಂತು ಕೇಳಿ. ಸಾಕ್ಷಿ ಕೇಳುವ ಕಾಲ ಎಂದೋ ಮುಗಿದಿದೆ. ಸಾಕ್ಷಿ ಹೇಳಿದ ಬಾಯಿಗಳಿಗೆ ಲೆಕ್ಕ ಕೊಡುವ ಕಾಲವಿದು.